ಅಪ್ಪನಿಗೆ ಬಿಟ್ಟ ಜಾಗ

೩ ಜೂನ್ ೧೯೮೭

ಪ್ರೀತಿಯ ಅಕ್ಕನಿಗೆ,

ಫಲಿತಾಂಶ ಬಂತು. ಮತ್ತೆ ಇಪ್ಪತ್ತಾರು.

ಲೆಕ್ಕದಲ್ಲಿ ಪಾಸು, ಸಾಮಾನ್ಯ ಜ್ಞಾನದಲ್ಲಿ ಪಾಸು, ಬಸ್ಸಿನ ನಿಯಮಗಳಲ್ಲಿ ಕೇಳುವುದೇ ಬೇಡ. ಓದಿ ಅರ್ಥಮಾಡಿಕೊಳ್ಳುವ ಭಾಗದಲ್ಲಿ ಮಾತ್ರ ನಲವತ್ತಕ್ಕೆ ಇಪ್ಪತ್ತಾರು. ಮೂವತ್ತು ಬೇಕು. ಮೊದಲ ಸಲವೂ ಇಪ್ಪತ್ತಾರು, ಎರಡನೆಯ ಸಲವೂ ಇಪ್ಪತ್ತಾರು, ಈಗಲೂ ಅದೇ. ಏನೂ ಓದದೆ ಹೋದಾಗಲೂ ಅಷ್ಟೇ, ಕಣ್ಣು ಉರಿಯುವ ಹಾಗೆ ಓದಿ ಹೋದಾಗಲೂ ಅಷ್ಟೇ. ಗಾಣದ ಎತ್ತು ಎಷ್ಟು ನಡೆದರೇನು, ಊರು ಮುಟ್ಟುತ್ತದೆಯೇ? ಹಾಸ್ಟೆಲಿನ ಮೇಲ್ವಿಚಾರಕಿ ನನ್ನನ್ನು ಇಪ್ಪತ್ತಾರಮ್ಮ ಎಂದು ಕರೆಯಲು ಶುರುಮಾಡಿದ್ದಾರೆ. ನನ್ನ ಕೋಣೆ ಹದಿನಾಲ್ಕು. ಹೊಸದಾಗಿ ಬಂದವರು ನನ್ನನ್ನು ಹುಡುಕಿಕೊಂಡು ಇಪ್ಪತ್ತಾರಕ್ಕೆ ಹೋಗುತ್ತಾರೆ.

ನವೆಂಬರಿನದೇ ಕೊನೆಯ ಅವಕಾಶ. ಆಮೇಲೆ ವಯಸ್ಸು ಮೀರುತ್ತದೆ. ಟಿಕೆಟ್ ತಪಾಸಣೆಯ ಕೆಲಸ ಸಿಗದಿದ್ದರೆ ಈ ಔಷಧಿ ಗೋದಾಮಿನಲ್ಲೇ ಡಬ್ಬಿಗಳಿಗೆ ಚೀಟಿ ಅಂಟಿಸುತ್ತ ಇರಬೇಕು. ಅಪ್ಪ ನನಗೆ ಚೀಟಿ ಎಂದು ಹೆಸರಿಟ್ಟದ್ದು ಇದಕ್ಕೇ ಇರಬೇಕು.

ಅಪ್ಪನಿಗೆ ನೀನೇ ಹೇಳು. ಆಯುಷ್ಯವೆಲ್ಲ ಕಂಡಕ್ಟರ್ ಆಗಿ, ತಪಾಸಣೆಯವರು ಹತ್ತಿದರೆ ಚೀಲವನ್ನು ಎದೆಗೊತ್ತಿಕೊಂಡು ನಿಂತ ಮನುಷ್ಯ. "ನನ್ ಮಗಳು ಚೆಕಿಂಗಿಗೆ ಹತ್ತಬೇಕು, ನಾನು ಕಿಟಕಿ ಪಕ್ಕ ಕೂತು ಅವಳಿಗೆ ಟಿಕೆಟ್ ತೋರಿಸ್ಬೇಕು" ಎಂದು ಬೀದಿಯವರಿಗೆಲ್ಲ ಹೇಳಿಟ್ಟಿದ್ದಾರೆ. ಹೇಳುವಾಗ ಅವರ ಬಾಯಲ್ಲಿ ಟೀ ಇರದಂತೆ ನೋಡಿಕೋ.

ನಿನ್ನ,
ಚೀಟಿ


೧೪ ಜೂನ್ ೧೯೮೭

ಚೀಟಿಗೆ ಅಕ್ಕನ ಆಶೀರ್ವಾದ. ಇಲ್ಲಿ ಇಬ್ಬರೂ ಕ್ಷೇಮ.

ಟೀ ಕುಡಿದು ಲೋಟ ಕೆಳಗಿಟ್ಟ ಮೇಲೆಯೇ ಹೇಳಿದೆ. ಲೋಟವನ್ನು ಆಚೆ ಸರಿಸಿದರು. ಆಮೇಲೆ, "ಗಾಡಿ ಕೆಟ್ಟು ನಿಂತ್ರೆ ಕಂಡಕ್ಟರ್ ಇಳಿದು ತಳ್ತಾನೆ. ಪ್ಯಾಸೆಂಜರ್ ಜೊತೆ ಬೇರೆ ಬಸ್ ಹತ್ತಲ್ಲ" ಅಂದರು. ಅಷ್ಟೇ.

ಅಂಕದ ವಿಷಯ ನನಗೆ ತಿಳಿಯುವುದಿಲ್ಲ. ಅಮ್ಮ ಹೋದ ಮೇಲೆ ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಶಾಲೆಗೆ ಹೋಗಲು ಆಗುತ್ತಿರಲಿಲ್ಲ, ನಾಲ್ಕಕ್ಕೇ ಬಿಟ್ಟೆ. ನೀನು ಓದು.

ಕಾರ್ಖಾನೆಯಲ್ಲಿ ಈಗ ಶಾಲೆಯ ಅಂಗಿಗಳು. ಗುಂಡಿ ಹೊಲಿದು ಹೊಲಿದು ಬೆರಳು ಮರಗಟ್ಟಿವೆ. ಕೆಳಗಿನ ಮನೆಯ ಮಗು ಮೆಟ್ಟಿಲು ಹತ್ತಲು ಕಲಿತಿದೆ. ಪೆನ್ಸಿಲ್ ಸಿಕ್ಕರೆ ಗೋಡೆ ಬಿಡುವುದಿಲ್ಲ. ಪಕ್ಕದ ಬೀದಿಯ ಕಂಪೌಂಡರ್ ಈ ವಾರ ಎರಡು ಸಲ ಬಂದು ಹೋದರು. ಒಳ್ಳೆಯವರು. ಚಪ್ಪಲಿಯನ್ನು ಹೊರಗೆ ಜೋಡಿಸಿ ಇಟ್ಟು ಬರುತ್ತಾರೆ.

ಅಪ್ಪ ಈಗ ಡಿಪೋಗೆ ಹೋಗಿದ್ದಾರೆ. ಗೊರಕೆ ಅಡುಗೆಮನೆಯವರೆಗೂ ಬರುತ್ತಿದೆ. ಎದ್ದ ಮೇಲೆ ಬರೆಯಲಿ ಎಂದು ಕೆಳಗೆ ಎಂದಿನಂತೆ ಅವರಿಗೆ ಜಾಗ ಬಿಟ್ಟಿದ್ದೇನೆ.

ಅಕ್ಕ

ರೈಟ್, ರೈಟ್.
ಅಪ್ಪ


೨೫ ಜೂನ್ ೧೯೮೭

ಪ್ರೀತಿಯ ಅಕ್ಕನಿಗೆ,

ಅಪ್ಪನ "ರೈಟ್, ರೈಟ್" ಕತ್ತರಿಸಿ ಗೋಡೆಗೆ ಅಂಟಿಸಿದ್ದೇನೆ. ಅಕ್ಷರ ಯಾಕೋ ಒಂದು ಕಡೆಗೆ ವಾಲಿದೆ. ಹಲಗೆ ಇಲ್ಲದೆ ಬರೆದರೇ? ಹೋದ ವರ್ಷ ನನಗೆ ಕಾಮಾಲೆ ಬಂದಾಗ "ಹೋಲ್ಡಾನ್" ಎಂದು ಬರೆದಿದ್ದರಲ್ಲ, ಮರುದಿನವೇ ಗಂಟು ಕಟ್ಟಿಕೊಂಡು ಬಂದಿದ್ದೆ. ಹೋಗು ಅಂದರೆ ರೈಟ್, ನಿಲ್ಲು ಅಂದರೆ ಹೋಲ್ಡಾನ್. ಈ ಎರಡು ಮಾತು ಬಿಟ್ಟು ಮೂರನೆಯದನ್ನು ಅವರು ಕಾಗದದಲ್ಲಿ ಬರೆದದ್ದೇ ಇಲ್ಲ.

ಅದಿರಲಿ. ಕಂಪೌಂಡರ್ ವಾರಕ್ಕೆ ಎರಡು ಸಲ ಬರುತ್ತಾರಂತೆ, ಒಳ್ಳೆಯವರಂತೆ, ಚಪ್ಪಲಿ ಜೋಡಿಸಿ ಇಡುತ್ತಾರಂತೆ. ಅಕ್ಕ, ಏನು ಸಮಾಚಾರ? ಗಂಡಸಿನ ಚಪ್ಪಲಿಯನ್ನು ನೀನು ಯಾವತ್ತಾದರೂ ಕಣ್ಣೆತ್ತಿ ನೋಡಿದವಳೇ? ಅಪ್ಪ ಒಪ್ಪುತ್ತಾರೆ ಬಿಡು. ನಾನು ಯಾವ ಸೀರೆ ಉಡಲಿ, ಅದನ್ನು ಹೇಳು.

ಈಗ ನನ್ನ ಗೋಳು. ಒಂದು ಪ್ರಶ್ನೆ ಬರೆಯುತ್ತೇನೆ, ನೀನೇ ಉತ್ತರ ಹೇಳು. ಮುದಿ ತೋಟಗಾರನೊಬ್ಬ ತನ್ನ ಗುದ್ದಲಿ, ಕತ್ತರಿ ಎಲ್ಲವನ್ನೂ ಹೊಸಬನ ಕೈಗೆ ಕೊಟ್ಟು ತೋಟದಿಂದ ಹೊರಡುತ್ತಾನೆ. "ಬಸ್ಸಿಗೆ ಹೊತ್ತಾಗಿತ್ತು. ಅವನು ತಿರುಗಿ ನೋಡದೆ ನಡೆದ." ಇಷ್ಟೇ ಬರೆದಿರುವುದು. ತಿರುಗಿ ಯಾಕೆ ನೋಡಲಿಲ್ಲ? ನಾನು "ದುಃಖ ತಡೆಯಲಾರದೆ" ಎಂದು ಗುರುತು ಹಾಕಿದೆ. ತಪ್ಪಂತೆ.

ಚೀಟಿ


೬ ಜುಲೈ ೧೯೮೭

ಚೀಟಿಗೆ ಅಕ್ಕನ ಆಶೀರ್ವಾದ. ಇಲ್ಲಿ ಇಬ್ಬರೂ ಕ್ಷೇಮ.

ಕಂಪೌಂಡರಿಗೆ ಹೆಂಡತಿ ಇದ್ದಾರೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ. ಅವರು ಬರುವುದು ಅಪ್ಪನ ರಕ್ತದೊತ್ತಡ ನೋಡಲು. ಸ್ವಲ್ಪ ಏರಿದೆಯಂತೆ, ಮಾತ್ರೆ ಕೊಟ್ಟಿದ್ದಾರೆ. ನಾನು ಬರೆದದ್ದು ಚಪ್ಪಲಿಯ ವಿಷಯ, ನೀನು ಓದಿದ್ದು ಮದುವೆಯ ವಿಷಯ. ಮೂವತ್ತು ದಾಟಿದವಳ ಜೊತೆ ಈ ತಮಾಷೆ ಬೇಡ. ಇರುವುದನ್ನು ಓದು ಚೀಟಿ, ಇಲ್ಲದ್ದನ್ನು ಓದಬೇಡ.

ತೋಟಗಾರನಿಗೆ ಅಳು ಬಂದಿತ್ತು. ಅದರಲ್ಲಿ ಕೇಳುವುದೇನಿದೆ? ಬಸ್ಸು ಅವನಿಗೊಂದು ನೆಪ. ಈ ಪ್ರಶ್ನೆ ಬರೆದವರು ಯಾವುದನ್ನೂ ಬಿಟ್ಟು ಹೋದವರಲ್ಲ.

ಅಕ್ಕ

ರೈಟ್.
ಅಪ್ಪ


೨ ಆಗಸ್ಟ್ ೧೯೮೭

ಪ್ರೀತಿಯ ಅಕ್ಕನಿಗೆ,

ಕಂಪೌಂಡರ್ ವಿಷಯಕ್ಕೆ ಕಿವಿ ಹಿಡಿದುಕೊಂಡೆ. ಆದರೆ ನೀನು ಬೈದ ಮಾತೇ ನನಗೆ ದಾರಿ ತೋರಿಸಿತು. ಕೇಳು.

ಗೋದಾಮಿನ ಹಿಂದಿನ ಬೀದಿಯಲ್ಲಿ ಒಬ್ಬ ಮೇಷ್ಟ್ರು ಸಿಕ್ಕಿದರು. ಇಂಥ ಪರೀಕ್ಷೆಗಳಿಗೆ ಪ್ರಶ್ನೆ ಬರೆದುಕೊಡುತ್ತಿದ್ದವರು, ಈಗ ನಿವೃತ್ತರು. ನಾನು ಹೊಸ ಪ್ರಶ್ನೆಪತ್ರಿಕೆ ಕೇಳಲು ಹೋದರೆ ಅವರು ಹಳೆಯದನ್ನು ತರಿಸಿಕೊಂಡರು. ಸರಿಯಾದ ಉತ್ತರಗಳ ಮೇಲೆ ಕಣ್ಣೂ ಹಾಯಿಸಲಿಲ್ಲ, ತಪ್ಪಿದ್ದನ್ನಷ್ಟೇ ಆರಿಸಿ ಸಾಲಾಗಿ ಇಟ್ಟರು. ನೋಡಿದರೆ ಎಲ್ಲವೂ ಒಂದೇ ಜಾತಿ. ಅವನು ಯಾಕೆ ಸುಮ್ಮನಾದ, ಅವಳ ಮನಸ್ಸಿನಲ್ಲಿ ಏನಿತ್ತು, ಇಂಥವೇ.

"ನಿಂಗೆ ಓದೋಕೆ ಬರಲ್ಲ ಅಂತಲ್ಲಮ್ಮ, ಜಾಸ್ತಿ ಓದ್ತೀಯ" ಅಂದರು. "ಅವನು ಅಳ್ತಿದ್ದ ಅಂತೀಯಲ್ಲ, ಎಲ್ಲಿದೆ? ಗೆರೆ ತೋರಿಸು."

ಈಗ ಪ್ರತಿ ಉತ್ತರಕ್ಕೂ ಅದೇ. ಯಾವ ಸಾಲಿನಿಂದ ಉತ್ತರ ಬಂತೋ ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಬೇಕು. ಗೆರೆ ಎಳೆಯಲು ಸಾಲು ಸಿಗದಿದ್ದರೆ ಆ ಉತ್ತರ ನನ್ನ ತಲೆಯದು, ಕಾಗದದ್ದಲ್ಲ. ಶುರುವಿನಲ್ಲಿ ಕೈ ಕಟ್ಟಿಹಾಕಿದ ಹಾಗಾಯಿತು. ಆಮೇಲೆ ಹೊಳೆಯಿತು. ನಮ್ಮ ಮನೆಯಲ್ಲಿ ಯಾರು ಏನನ್ನು ನೇರವಾಗಿ ಹೇಳುತ್ತಾರೆ? ಅಪ್ಪನ ಸಿಟ್ಟು ತಟ್ಟೆ ಇಡುವ ಸದ್ದಿನಲ್ಲಿ ತಿಳಿಯಬೇಕು. ನಿನ್ನದು ಗುಂಡಿಗೆ ದಾರ ಎಳೆಯುವ ರಭಸದಲ್ಲಿ. ಹುಟ್ಟಿದಾಗಿನಿಂದ ಬರೆಯದ್ದನ್ನೇ ಓದಿ ಬೆಳೆದವಳಿಗೆ ಬರೆದದ್ದನ್ನು ಓದುವುದು ಹೇಗೆ ಬರಬೇಕು?

ಹೋದ ವಾರ ಇಪ್ಪತ್ತೊಂಬತ್ತು ಬಂತು ಅಕ್ಕ. ಮನೆಯಲ್ಲಿ ಬರೆದು ನೋಡಿದ್ದು, ಆದರೂ ಇಪ್ಪತ್ತಾರಲ್ಲ. "ಇಪ್ಪತ್ತೊಂಬತ್ತಮ್ಮ ಅನ್ನೋಕೆ ನಾಲಿಗೆ ಹೊರಳಲ್ಲ, ಬೇಗ ಮೂವತ್ತು ಮಾಡು" ಅಂದರು ಮೇಲ್ವಿಚಾರಕಿ.

ಚೀಟಿ


೧೯ ಆಗಸ್ಟ್ ೧೯೮೭

ಚೀಟಿಗೆ,

ನಿನ್ನ ಕಾಗದ ಬಂತು.

ಅಪ್ಪ ಮಲಗಿದ್ದಾರೆ. ಈ ಸಲ ಅವರ ಸಾಲು ಇಲ್ಲ.

ಮಂಚವನ್ನು ಮುಂದಿನ ಕೋಣೆಗೆ ತಂದೆವು. ಕಂಪೌಂಡರ್ ಒಂದು ಕಡೆ ಹಿಡಿದರು, ಕೆಳಗಿನ ಮನೆಯವರು ಇನ್ನೊಂದು ಕಡೆ. ಅಲ್ಲಿಂದ ಬಸ್ಸು ಬಂದು ನಿಲ್ಲುವುದು ಕಾಣುತ್ತದೆ. ನಾನು ಕಾರ್ಖಾನೆಗೆ ಹೋಗುವುದನ್ನು ಬಿಟ್ಟೆ. ಅಂಗಿಗಳನ್ನು ಮನೆಗೇ ತರಿಸಿಕೊಂಡು ಗುಂಡಿ ಹೊಲಿಯುತ್ತೇನೆ. ದಿನವೂ ಹಾಸಿಗೆ ಬಟ್ಟೆ ಒಗೆಯುವುದಿರುತ್ತದೆ. ಪುಣ್ಯಕ್ಕೆ ಬಿಸಿಲಿದೆ.

ನಿನಗೆ ಪರೀಕ್ಷೆ ಇದೆ. ಬಾ ಎಂದು ನಾನು ಹೇಳುವುದಿಲ್ಲ. ನಿನಗೇ ತಿಳಿಯುತ್ತದೆ.

ಅಕ್ಕ


೩೦ ಆಗಸ್ಟ್ ೧೯೮೭

ಪ್ರೀತಿಯ ಅಕ್ಕನಿಗೆ,

ಅಪ್ಪ ಮಲಗಿದ್ದರೆ ಮಲಗಲಿ ಬಿಡು. ನನಗೊಂದು ಸಾಲು ಬರೆಸಬೇಕೆಂದು ಎಬ್ಬಿಸಬೇಡ. ಆಯುಷ್ಯವೆಲ್ಲ ಕಂಬಿ ಹಿಡಿದು ನಿಂತೇ ತೂಕಡಿಸಿದ ಜೀವ, ಈಗಲಾದರೂ ಕಾಲು ಚಾಚಲಿ.

ಮಂಚ ಮುಂದಿನ ಕೋಣೆಗೆ ಬಂದದ್ದು ಒಳ್ಳೆಯದಾಯಿತು, ಅಲ್ಲಿ ಗಾಳಿ ಇದೆ. ನೀನೂ ಆ ಕಾರ್ಖಾನೆಯ ಧೂಳಿನಿಂದ ಪಾರಾದೆ. ಮನೆಯಲ್ಲೇ ಕೂತು ಹೊಲಿಯುವುದು ಎಷ್ಟೋ ವಾಸಿ.

ಬಾ ಎಂದು ಹೇಳುವುದಿಲ್ಲ ಎಂದು ಬರೆದೆಯಲ್ಲ, ನನಗೆ ಎಷ್ಟು ಹಗುರವಾಯಿತು ಗೊತ್ತೇ? ಮೊದಲಿನ ಚೀಟಿಯಾಗಿದ್ದರೆ, ಅಕ್ಕನಿಗೆ ಸಿಟ್ಟು ಬಂದಿದೆಯೋ, ಬರಲಿ ಎಂದೇ ಹೀಗೆ ಬರೆದಳೋ ಎಂದು ನಿದ್ದೆ ಕೆಡಿಸಿಕೊಳ್ಳುತ್ತಿದ್ದೆ. ಈಗ ಹಾಗಿಲ್ಲ. ಗೆರೆ ನೋಡುತ್ತೇನೆ. ಪರೀಕ್ಷೆ ಮುಗಿಸಿಯೇ ಬರುತ್ತೇನೆ.

ನಿನ್ನೆ ಮೂವತ್ತೊಂದು. ಅಪ್ಪನಿಗೆ ಹೇಳು, ಗಾಡಿ ಸ್ಟಾರ್ಟ್ ಆಯಿತು ಅಂತ.

ಚೀಟಿ


೨೭ ಸೆಪ್ಟೆಂಬರ್ ೧೯೮೭

ಚೀಟಿಗೆ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಅಪ್ಪನಿಗೆ ಓದಿ ಹೇಳುವಾಗ ಮೊದಲಿನ ಮಾತುಗಳನ್ನು ಬಿಟ್ಟು ಅಂಕದ ವಿಷಯದಿಂದ ಓದಿದೆ.

ಅವರು ಮಲಗಿಯೇ ಇದ್ದಾರೆ. ಕಾಲು ಚಾಚಿಕೊಂಡೇ ಇದ್ದಾರೆ. ಯಾರೂ ಎಬ್ಬಿಸುವುದಿಲ್ಲ, ನೀನು ಯೋಚಿಸಬೇಡ.

ಕೆಳಗೆ ಜಾಗ ಬಿಟ್ಟಿದ್ದೇನೆ.

ಅಕ್ಕ


೧೧ ಅಕ್ಟೋಬರ್ ೧೯೮೭

ಪ್ರೀತಿಯ ಅಕ್ಕನಿಗೆ,

ನೀನು ಅಪ್ಪನಿಗೆ ಬಿಟ್ಟ ಜಾಗದಲ್ಲಿ ಕೆಳಗಿನ ಮನೆಯ ಮಗು ಗೀಚಿಬಿಟ್ಟಿದೆ, ನೋಡದೆಯೇ ಅಂಚೆಗೆ ಹಾಕಿದೆಯಲ್ಲ! ಕಾಗೆ ಕಾಲು, ಗುಬ್ಬಿ ಕಾಲು. ಪೆನ್ಸಿಲನ್ನು ಎತ್ತರದಲ್ಲಿ ಇಡು. ಅಪ್ಪನಿಗೂ ಹೇಳು, ಅವರ ಸೀಟಿನಲ್ಲಿ ಟಿಕೆಟ್ ಇಲ್ಲದವರು ಬಂದು ಕೂತಿದ್ದಾರೆ, ಇಳಿಸಿ ಅಂತ.

ಮೇಷ್ಟ್ರು ನಿನ್ನೆ ಮೊದಲ ಸಲ ನಕ್ಕರು. ಮೂವತ್ಮೂರು ಬಂದಿತ್ತು. ತೋಟಗಾರನ ಪ್ರಶ್ನೆಯನ್ನೇ ಬೇಕೆಂದು ಮತ್ತೆ ಕೇಳಿದರು. "ಬಸ್ಸಿಗೆ ಹೊತ್ತಾಗಿತ್ತು" ಎಂಬ ಸಾಲಿಗೆ ಗೆರೆ ಎಳೆದು ತೋರಿಸಿದೆ. ಅಳು ನನ್ನ ಕಣ್ಣಿಗೆ ಕಾಣಲೇ ಇಲ್ಲ ಅಕ್ಕ.

ಪರೀಕ್ಷೆ ನವೆಂಬರ್ ಎಂಟು, ಭಾನುವಾರ.

ಚೀಟಿ


೧೦ ನವೆಂಬರ್ ೧೯೮೭

ಪ್ರೀತಿಯ ಅಕ್ಕನಿಗೆ,

ಬರೆದೆ. ಚೆನ್ನಾಗಿ ಬರೆದೆ. ಎಲ್ಲ ಉತ್ತರಕ್ಕೂ ಗೆರೆ ಸಿಕ್ಕಿತು. ಹೊರಗೆ ಬಂದಾಗ ಬೇರೆಯವರು ಅವನು ಹೀಗಂದುಕೊಂಡಿರಬಹುದು, ಹಾಗಂದುಕೊಂಡಿರಬಹುದು ಎಂದು ಜಗಳವಾಡುತ್ತಿದ್ದರು. ನಾನು ಸುಮ್ಮನೆ ಬಸ್ಸು ಹತ್ತಿದೆ.

ನಿನ್ನಿಂದ ಕಾಗದ ಬಂದು ಬಹಳ ದಿನವಾಯಿತು. ಗುಂಡಿ ಕೆಲಸ ಹೆಚ್ಚಿರಬೇಕು ಎಂದು ಬರೆಯಲು ಹೊರಟಿದ್ದೆ. ಅದೂ ಊಹೆಯೇ ಅಲ್ಲವೇ? ಬಿಟ್ಟೆ.

ಈ ತಿಂಗಳು ಗೋದಾಮಿನಲ್ಲಿ ದಾಸ್ತಾನು ಎಣಿಕೆ. ಅದು ಮುಗಿದ ಕೂಡಲೇ ಬರುತ್ತೇನೆ.

ಚೀಟಿ


೨೦ ನವೆಂಬರ್ ೧೯೮೭

ಚೀಟಿಗೆ,

ಅಪ್ಪ ಹೋದರು. ಮಂಗಳವಾರ ಬೆಳಿಗ್ಗೆ, ಮೊದಲ ಬಸ್ಸು ಬಂದು ನಿಂತಾಗ. ಸತ್ತರು ಎಂದೇ ಬರೆಯುತ್ತೇನೆ, ನೀನು ಎಲ್ಲಿಗೆ ಹೋದರು ಎಂದು ಕೇಳಬಾರದಲ್ಲ.

ಕಂಪೌಂಡರ್ ತಂತಿ ಕೊಡೋಣ ಅಂದರು. ನಾನೇ ಬೇಡವೆಂದೆ. "ಮಲಗಿದ್ದಾರೆ ಅಂತ ಬರೆದಾಗ ಬರದೋಳು, ಹೋದ್ರು ಅಂದ್ರೆ ಬರ್ತಾಳಾ?" ಅಂದೆ.

ಮಾಡಬೇಕಾದ್ದೆಲ್ಲ ಮಾಡಿದ್ದಾಯಿತು. ನೀನು ಬಂದರೂ ಸರಿ, ಬರದಿದ್ದರೂ ಸರಿ.

ಅಕ್ಕ


೨ ಡಿಸೆಂಬರ್ ೧೯೮೭

ಅಕ್ಕ,

ನಾನು ಮನೆಯಲ್ಲಿದ್ದಷ್ಟು ದಿನ ನೀನು ಆಡಿದ್ದು ನೀರು ಕಾದಿದೆ, ಊಟಕ್ಕೆ ಏಳು, ಇಷ್ಟೇ. ಮಡಿಲಲ್ಲಿ ಅಂಗಿ ಇಟ್ಟುಕೊಂಡು ಗುಂಡಿ ಹೊಲಿಯುತ್ತಲೇ ಇದ್ದೆ. ದಾರ ಎಳೆಯುವ ಸದ್ದು ನನಗೆ ಕೇಳಿಸಿತು. ಹಾಗಾಗಿ ಕಾಗದದಲ್ಲೇ ಕೇಳುತ್ತಿದ್ದೇನೆ.

ಲಕ್ವ ಹೊಡೆದಿತ್ತು ಎಂದು ಯಾಕೆ ಬರೆಯಲಿಲ್ಲ? ಬಲಗೈ ಬಲಗಾಲು ಬಿದ್ದಿತ್ತು, ಮಾತು ನಿಂತಿತ್ತು ಎಂದು ಯಾಕೆ ಬರೆಯಲಿಲ್ಲ? ಅದನ್ನು ನಾನು ಬಾಗಿಲಲ್ಲಿ ನಿಂತು ಕಂಪೌಂಡರ್ ಬಾಯಿಂದ ಕೇಳಬೇಕಾಯಿತು. "ಆಗಸ್ಟ್‌ನಿಂದ ಮಲಗಿದ್ರಲ್ಲಮ್ಮ, ನಿಮಗೆ ಗೊತ್ತಿರಲಿಲ್ವಾ?" ಅಂದರು. ಅವರೂ ಅದೇ ಮಾತು ಅಂದರು. ಆಗಲೇ ನನಗೆ ತಿಳಿದದ್ದು. ಅಪ್ಪ ಮಧ್ಯಾಹ್ನ ಉಂಡು ಒರಗುವವರು, ನೀನು ಕಾಗದ ಬರೆಯುವುದೂ ಅದೇ ಹೊತ್ತಿನಲ್ಲಿ. ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡೆ. ಹಾಸಿಗೆ ಹಿಡಿದಿದ್ದಾರೆ ಎಂದು ನೀನು ಬರೆದಿದ್ದರೆ ಪರೀಕ್ಷೆ ಹಾಳಾಗಿ ಹೋಗಲಿ ಎಂದು ಓಡಿ ಬರುತ್ತಿದ್ದೆ.

ನಾನು ಓದದೆ ಹೋದದ್ದಲ್ಲ. ನೀನು ಬರೆಯದೆ ಹೋದದ್ದು. ನಿನ್ನ ಕಾಗದಗಳೆಲ್ಲ ನನ್ನ ಮುಂದೆ ಇವೆ. ಅಪ್ಪ ಸಾಯುತ್ತಿದ್ದಾರೆ ಎಂದು ಎಲ್ಲಿದೆ? ಗೆರೆ ತೋರಿಸು.

ಚೀಟಿ


೧೩ ಡಿಸೆಂಬರ್ ೧೯೮೭

ಚೀಟಿಗೆ,

ತೋರಿಸುತ್ತೇನೆ.

ಆ ಕಾಯಿಲೆಯ ಹೆಸರನ್ನು ಬರೆಯಲು ಅಪ್ಪ ಬಿಡಲಿಲ್ಲ. ನಾನು ಬರೆಯಲು ಕೂತಾಗ ಎಡಗೈಯಿಂದ ನನ್ನ ಪೆನ್ನು ಹಿಡಿದುಕೊಂಡರು. ನಿನಗೆ ಗಾಬರಿಯಾಗಬಾರದು. ಅವರ ಮಾತೂ ಉಳಿಯಬೇಕು, ನಿನಗೂ ತಿಳಿಯಬೇಕು. ಅದಕ್ಕೆ ಮಲಗಿದ್ದಾರೆ ಎಂದು ಬರೆದೆ. ನಮ್ಮ ಮನೆಯಲ್ಲಿ ಯಾರಾದರೂ ನಿದ್ದೆಗೆ ಮಲಗಿದರು ಅಂದಿದ್ದುಂಟೇ? ಡಿಪೋಗೆ ಹೋದರು ಅನ್ನುತ್ತೇವೆ. ನೀನೂ ಹಾಗೇ ಅನ್ನುತ್ತಿದ್ದೆ. ಜೂನ್ ತಿಂಗಳ ಕಾಗದ ತೆಗೆದು ನೋಡು, ಗೊರಕೆ ಹೊಡೆಯುತ್ತಿದ್ದಾಗ ನಾನು ಏನು ಬರೆದಿದ್ದೇನೆ ಎಂದು. ಮಲಗಿದರು ಎಂಬ ಮಾತು ಈ ಮನೆಯಲ್ಲಿ ಅಮ್ಮನಿಗೆ ಒಂದು ಸಲ ಬಂದಿತ್ತು, ಅಪ್ಪನಿಗೆ ಒಂದು ಸಲ. ಆಗಸ್ಟ್ ಕಾಗದದಲ್ಲಿ ಕ್ಷೇಮ ಎಂಬ ಮಾತನ್ನೂ ಹುಡುಕು. ಸಿಕ್ಕರೆ ಗೆರೆ ಎಳೆದು ಕಳಿಸು.

ನಿನ್ನ ಆಗಸ್ಟ್ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. "ಮಲಗಲಿ ಬಿಡು, ಎಬ್ಬಿಸಬೇಡ" ಎಂಬಲ್ಲಿ ಗೆರೆ ಹಾಕಿದ್ದೇನೆ. ಅದನ್ನು ಓದಿ, ನನ್ನ ಸೊಂಟದ ಮೇಲೆ ಬೆಳೆದ ಹುಡುಗಿ ಇವಳೇನಾ ಎಂದು ನನಗೆ ಅನ್ನಿಸಿತು. ಅದು ನಿನ್ನ ಕಾಗದದಲ್ಲಿ ಇದ್ದದ್ದೇ. ನಾನು ಇಲ್ಲದ್ದೇನೂ ಓದಲಿಲ್ಲ.

ಇನ್ನೊಂದು ವಿಷಯ. ಸೆಪ್ಟೆಂಬರಿನಲ್ಲಿ ಗೀಚಿದ್ದು ಮಗುವಲ್ಲ. ಎಡಗೈಯಲ್ಲಿ ಬರೆಯುವುದನ್ನು ಅಪ್ಪ ಹಲವು ದಿನ ಕಲಿತರು. ನಾನು ಹಲಗೆ ಹಿಡಿದಿದ್ದೆ. ನಿನ್ನ ಉತ್ತರ ಬಂದ ದಿನ ನಾನು ಬಟ್ಟೆ ಒಣಗಿಸಲು ಮಹಡಿಗೆ ಹೋಗಿದ್ದೆ, ಅಂಚೆಯವನು ಮೆಟ್ಟಿಲು ಹತ್ತಿ ಬಂದು ಕಿಟಕಿಯಿಂದ ಅವರ ಕೈಗೇ ಕೊಟ್ಟು ಹೋಗಿದ್ದ. ಹಲ್ಲಿನಿಂದ ಹರಿದು ಅವರೇ ಓದಿದರು. ನಾನು ಬಂದಾಗ ಟಿಕೆಟ್ ಇಲ್ಲದವರು ಕೂತಿದ್ದಾರೆ ಎಂದು ನೀನು ಬರೆದ ಕಡೆ ಬೆರಳಿಟ್ಟು ತೋರಿಸಿದರು. ಬಾಯಿಯ ಆಡುವ ಅರ್ಧದಲ್ಲಿ ನಕ್ಕರು. ಆಮೇಲೆ ಪೆನ್ಸಿಲ್ ಕೊಟ್ಟರೆ ತೆಗೆದುಕೊಳ್ಳಲಿಲ್ಲ.

ಅಕ್ಕ


೮ ಫೆಬ್ರವರಿ ೧೯೮೮

ಅಕ್ಕನಿಗೆ,

ಡಿಸೆಂಬರಿನಿಂದ ಎಷ್ಟೋ ಕಾಗದ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಮೂವತ್ನಾಲ್ಕು ಬಂದಿದೆ. ಕೆಲಸಕ್ಕೆ ಸೇರಿದೆ. ಖಾಕಿ ಅಂಗಿ ಕೊಟ್ಟಿದ್ದಾರೆ, ಗುಂಡಿಗಳು ಸಡಿಲ. ಮೊದಲ ದಿನ ನಾನು ಹತ್ತಿದ ಬಸ್ಸಿನ ಕಂಡಕ್ಟರ್ ವಯಸ್ಸಾದವರು. ನನ್ನನ್ನು ಕಂಡ ಕೂಡಲೇ ಚೀಲವನ್ನು ಎದೆಗೊತ್ತಿಕೊಂಡು ನಿಂತರು. ಲೆಕ್ಕವೆಲ್ಲ ಸರಿಯಿತ್ತು. ಕಿಟಕಿಯ ಪಕ್ಕ ಕೂತಿದ್ದ ಮುದುಕರೊಬ್ಬರು ನಾನು ಕೇಳುವ ಮೊದಲೇ ಟಿಕೆಟ್ ಚಾಚಿದರು. ನಾನು ಅದನ್ನು ನೋಡದೆ ಮುಂದೆ ಹೋದೆ. ಅದು ತಪ್ಪು, ನಿಯಮದಲ್ಲಿ ಇಲ್ಲ.

ನಿನ್ನನ್ನು ಒಂದೇ ಒಂದು ಕೇಳುತ್ತೇನೆ. ಆ ಸೆಪ್ಟೆಂಬರಿನ ಕಾಗದ ನನ್ನ ಬಳಿ ಇದೆ. ಬೆಳಕಿಗೆ ಹಿಡಿದು ನೋಡಿದೆ, ಮೇಷ್ಟ್ರ ಭೂತಗನ್ನಡಿ ತಂದು ನೋಡಿದೆ. ಮೊದಲ ಅಕ್ಷರ ದುಂಡಗಿದೆ. ರ ಇರಬಹುದು, ಹ ಇರಬಹುದು. ಆಮೇಲಿನದು ಬರೀ ಗೆರೆ. ರೈಟ್ ಎಂದಿದ್ದರೆ ನಾನು ಪರೀಕ್ಷೆಗೆ ಹೋದದ್ದು ಅವರು ಕಳಿಸಿ. ಹೋಲ್ಡಾನ್ ಎಂದಿದ್ದರೆ ಅವರು ಕರೆದಿದ್ದರು, ನಾನು ನಿಲ್ಲಲಿಲ್ಲ.

ಹಲಗೆ ಹಿಡಿದಿದ್ದವಳು ನೀನು. ಬೈಯುವುದಿದ್ದರೆ ಬೈದು ಬರೆ. ಆದರೆ ಆ ಒಂದು ಮಾತು ಯಾವುದು, ಹೇಳು.

ಚೀಟಿ


೨೧ ಫೆಬ್ರವರಿ ೧೯೮೮

ಚೀಟಿಗೆ,

ಕೆಲಸ ಸಿಕ್ಕಿತಲ್ಲ, ಒಳ್ಳೆಯದಾಯಿತು. ಇಲ್ಲಿ ನಾನು ಕ್ಷೇಮ. ಗುಂಡಿಗಳನ್ನು ಎರಡೆಳೆ ದಾರದಲ್ಲಿ ಹೊಲಿದುಕೋ.

ಹಲಗೆ ಹಿಡಿದಿದ್ದು ನಾನೇ. ಅವರು ಏನು ಬರೆದರೆಂದು ನನಗೆ ಗೊತ್ತು. ಕಾಗದ ನಿನ್ನ ಕೈಯಲ್ಲಿದೆ.

ಇರುವುದನ್ನು ಓದು. ಇಲ್ಲದ್ದನ್ನು ಓದಬೇಡ.

ಕೆಳಗೆ ಜಾಗ ಬಿಟ್ಟಿಲ್ಲ.

ಅಕ್ಕ